ಐದು ತೆಂಗಿನಕಾಯಿ ತಡೆಯುವ ಚೀಲ

ಉಡುಪಿಯಲ್ಲಿ ಈಗ ಮಹಿಳಾ ಮಂಡಲ, ಭಜನಾ ಮಂದಿರದ ಹಾಲ್ ಅಂತ ಅಲ್ಲಲ್ಲಿ ಬಟ್ಟೆ ಚೀಲ ಹೊಲಿಯುವ ಕ್ಲಾಸು ನಡೆಯುತ್ತದೆ. ಪ್ಲಾಸ್ಟಿಕ್ ತೊಟ್ಟೆ ನಮ್ಮ ರಾಜ್ಯದಲ್ಲಿ 2016ರಲ್ಲೇ ನಿಷೇಧವಾದರೂ ಮಾರ್ಕೆಟ್ಟಿನಿಂದ ಬರುವವರ ಕೈಯಲ್ಲಿ ಇನ್ನೂ ನೇತಾಡುತ್ತಿರುತ್ತದೆ. ಹಾಗಾಗಿ ಕಲಿಯಿರಿ, ಒಳ್ಳೆಯದೇ. ಸೇರುವವರೆಲ್ಲ ಮೊದಲು ಕೇಳುವುದು ಯಾವ ಮೆಷಿನ್ ತೆಗೆದುಕೊಳ್ಳಲಿ ಅಂತ. ಅಟ್ಟದಲ್ಲಿ ಅಜ್ಜಿಯ ಕಾಲುಮೆಷಿನ್ ಇದ್ದರೆ ಅದನ್ನೇ ಇಳಿಸಿ. ಚೀಲಕ್ಕೆ ಬೇಕಾದ್ದು ನೇರ ಹೊಲಿಗೆ ಒಂದೇ.

ಇಳಿಸಿದ ಮೆಷಿನ್‌ಗೆ ಎಣ್ಣೆ ಬಿಡಬೇಕಲ್ವಾ? ನಮ್ಮ ಕಡೆ ಕೈಗೆ ಸಿಗುವುದು ತೆಂಗಿನೆಣ್ಣೆ. ಅದನ್ನು ಮಾತ್ರ ಬಿಡಬೇಡಿ, ದಿನ ಹೋದಂತೆ ಅಂಟಂಟಾಗಿ ಮೆಷಿನ್ ಬಿಗಿದುಕೊಳ್ಳುತ್ತದೆ. ಮೆಷಿನ್ ಎಣ್ಣೆಯೇ ಬೇಕು. ಬಿಟ್ಟ ಮೇಲೆ ಹಳೆ ಚಿಂದಿಯಲ್ಲಿ ಸ್ವಲ್ಪ ಹೊಲಿದು ನೋಡಿ, ಇಲ್ಲದಿದ್ದರೆ ಮೊದಲ ಚೀಲದ ಮೇಲೇ ಕಲೆ. ಮಳೆಗಾಲದಲ್ಲಿ ಚರ್ಮದ ಬೆಲ್ಟ್ ಸಡಿಲವಾಗಿ ಚಕ್ರ ಸುಮ್ನೆ ತಿರುಗುತ್ತದೆ. ಅರ್ಧ ಇಂಚು ಕತ್ತರಿಸಿ ಕ್ಲಿಪ್ ಹಾಕಿದರೆ ಸರಿ. ಸೂಜಿ ಬಿಡಿಯಾಗಿ ಇಟ್ಟರೆ ತುಕ್ಕು ಹಿಡಿಯುತ್ತದೆ, ಒಣ ಬಟ್ಟೆಯಲ್ಲಿ ಸುತ್ತಿ ಮುಚ್ಚಳ ಬಿಗಿಯಾಗಿರುವ ಡಬ್ಬಿಯಲ್ಲಿಡಿ.

ಕಾಲಿನ ಹಿಡಿತ ಬರುವ ತನಕ ಬಟ್ಟೆ ಮುಟ್ಟಬೇಡಿ. ಮಕ್ಕಳ ಹಳೆ ನೋಟ್‌ಬುಕ್ಕಿನ ಗೆರೆ ಹಾಳೆ ತೆಗೆದು, ನೂಲು ಹಾಕದೆ, ಗೆರೆಯ ಮೇಲೇ ಹೊಲಿಯುತ್ತಾ ಹೋಗಿ. ಇದಕ್ಕೆ ಹಳೆ ಸೂಜಿ ಸಾಕು, ಕಾಗದ ಸೂಜಿಯ ಮೊನೆ ಕೆಡಿಸುತ್ತದೆ.

ಬಟ್ಟೆಗೆ ದುಡ್ಡು ಹಾಕುವ ಮೊದಲು ಕಪಾಟು ನೋಡಿ. ಹಳೆ ಬೆಡ್‌ಶೀಟು, ಪರದೆ, ಮಗನ ಜೀನ್ಸು ಎಲ್ಲ ಆಗುತ್ತದೆ. ಕೈಮಗ್ಗದ ಉಡುಪಿ ಸೀರೆ ಅಂಚು ಹರಿದಿದ್ದರೆ ಒಳಪದರಕ್ಕೆ ಹಾಕಿ. ಚೆನ್ನಾಗಿರುವುದಕ್ಕೆ ಕತ್ತರಿ ಹಾಕಲು ಹೋದರೆ ನಾನಂತೂ ಬಿಡುವುದಿಲ್ಲ. ಜಿಐ ಮಾನ್ಯತೆ, ಅಂದರೆ ಈ ಊರಿನದ್ದೇ ಅನ್ನುವ ಅಧಿಕೃತ ಗುರುತು ಸಿಕ್ಕಿದ ಸೀರೆ ಅದು, ನೇಯುವವರೂ ಈಗ ಕಡಿಮೆ. ಹೊಸ ಕಾಟನ್ ಅಥವಾ ಕ್ಯಾನ್ವಾಸ್ ತಂದರೆ ರಾತ್ರಿ ನೀರಿನಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಹಾಕಿಯೇ ಕತ್ತರಿಸಿ. ನೆನೆಸದೆ ಹೊಲಿದರೆ ಮೊದಲ ಒಗೆತಕ್ಕೇ ಬಟ್ಟೆ ಕುಗ್ಗಿ ಚೀಲ ಸೊಟ್ಟಗಾಗುತ್ತದೆ.

ಇನ್ನು ಹಿಡಿಕೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಚೀಲ ಕೈಕೊಡುವುದು ಹೆಚ್ಚಾಗಿ ಹಿಡಿಕೆಯ ಬುಡದಲ್ಲೇ. 4 ಇಂಚು ಅಗಲ, 24 ಇಂಚು ಉದ್ದದ ಪಟ್ಟಿ ತೆಗೆದುಕೊಳ್ಳಿ. ಎರಡೂ ಅಂಚನ್ನು ನಡುವಿಗೆ ಮಡಚಿ, ಮತ್ತೊಮ್ಮೆ ಮಡಚಿದರೆ 1 ಇಂಚಿನ ನಾಲ್ಕು ಪದರದ ಪಟ್ಟಿ. ಎರಡೂ ಬದಿ ಹೊಲಿಗೆ ಹಾಕಿ. ಹೆಗಲಿಗೆ ಹಾಕಲು ಈ ಉದ್ದ ಸರಿ. ಕೈಯಲ್ಲೇ ಹಿಡಿಯುವುದಾದರೆ 16 ಇಂಚು ಸಾಕು, ಜಾಸ್ತಿಯಾದರೆ ತುಂಬಿದ ಚೀಲ ಕಾಲಿಗೆ ಬಡಿಯುತ್ತದೆ. ಚೀಲದ ಬಾಯಿಯನ್ನು ಒಂದೂವರೆ ಇಂಚು ಮಡಚಿ ಹೊಲಿದಿರಬೇಕು. ಹಿಡಿಕೆಯ ತುದಿ ಆ ಮಡಿಕೆಯ ಮೇಲೆ ಪೂರ್ತಿ ಕೂರಬೇಕು. ಅಲ್ಲಿ ಸುತ್ತ ಒಂದು ಚೌಕ ಹೊಲಿದು, ಒಳಗೆ ಮೂಲೆಯಿಂದ ಮೂಲೆಗೆ ಅಡ್ಡ ಗೀಟು ಎಳೆದ ಹಾಗೆ ಎರಡು ಹೊಲಿಗೆ. ತೆಳು ಬಟ್ಟೆಯಾದರೆ ಒಳಗಿನಿಂದ ಜೀನ್ಸಿನ ತುಂಡೊಂದನ್ನು ಸೇರಿಸಿ. ಇಷ್ಟು ದಪ್ಪಕ್ಕೆ 14ರ ಸೂಜಿ ತಡೆಯುವುದಿಲ್ಲ, 16 ಹಾಕಿ. ಮೂಲೆ ತಿರುಗಿಸುವಾಗ ಚಕ್ರವನ್ನು ಕೈಯಲ್ಲೇ ತಿರುಗಿಸಿ. ಗುರುತು ಹಾಕುವಾಗ ಮುಂದಿನ ಹಿಂದಿನ ಎರಡೂ ತುಂಡನ್ನು ಒಂದರ ಮೇಲೊಂದಿಟ್ಟು ಒಟ್ಟಿಗೇ ಚಾಕ್ ಎಳೆಯಿರಿ. ಅರ್ಧ ಇಂಚು ಆಚೀಚೆಯಾದರೂ ಚೀಲ ಒಂದು ಬದಿಗೆ ವಾಲುತ್ತದೆ.

ಬದಿಯ ಹೊಲಿಗೆಯಲ್ಲಿ ನೂಲು ಬಿಚ್ಚಿಕೊಳ್ಳದಿರಲು ಒಂದು ಉಪಾಯ ಉಂಟು. ಬಟ್ಟೆಯ ಒಳಮೈ ಒಳಗಿರುವಂತೆ ಇಟ್ಟು ಮೊದಲು ಕಾಲಿಂಚು ಬಿಟ್ಟು ಹೊಲಿಯಿರಿ. ಆಮೇಲೆ ತಿರುವಿ ಹಾಕಿ ಅರ್ಧ ಇಂಚಿಗೆ ಮತ್ತೊಂದು ಹೊಲಿಗೆ. ಕತ್ತರಿಸಿದ ಅಂಚು ಒಳಗೇ ಅಡಗುತ್ತದೆ. ಕ್ಲಾಸಿನಲ್ಲಿ ಇದಕ್ಕೆ ಫ್ರೆಂಚ್ ಸೀಮ್ ಅನ್ನುತ್ತಾರೆ. ಚೀಲ ಕೂರಬೇಕಾದರೆ ತಳದ ಎರಡೂ ಮೂಲೆಯನ್ನು ತ್ರಿಕೋನವಾಗಿ ಎಳೆದು, ತುದಿಯಿಂದ 2 ಇಂಚು ಒಳಗೆ ಅಡ್ಡ ಹೊಲಿಯಿರಿ. 4 ಇಂಚು ಅಗಲದ ತಳ ಸಿಗುತ್ತದೆ.

ಮುಗಿದ ಕೂಡಲೇ ಯಾರಿಗೂ ಕೊಡಬೇಡಿ. ಸುಲಿಯದ ತೆಂಗಿನಕಾಯಿ ಐದು ಹಾಕಿ ಬಾಗಿಲ ಹಿಂದಿನ ಮೊಳೆಗೆ ಒಂದು ರಾತ್ರಿ ನೇತು ಹಾಕಿ. ಬೆಳಿಗ್ಗೆ ಹಿಡಿಕೆಯ ಬುಡದಲ್ಲಿ ನೂಲು ಎಳೆದಿದ್ದರೆ ಬಿಚ್ಚಿ ಮತ್ತೆ ಹೊಲಿಯಿರಿ. ಹಣಕ್ಕೆ ಹೊಲಿದು ಕೊಡುವವರು ಇದನ್ನು ತಪ್ಪಿಸಲೇಬಾರದು.

ಒಗೆದ ಚೀಲವನ್ನು ತಿರುವಿ ಹಾಕಿ ಒಣಗಿಸಿ, ಆಟಿ ತಿಂಗಳ ಮಳೆಯಲ್ಲಿ ತಳದ ಮೂಲೆಗೆ ಬೂಸ್ಟು ಬೇಗ ಬರುತ್ತದೆ. ತರಕಾರಿಗೊಂದು, ದಿನಸಿಗೊಂದು ಬೇರೆ ಇರಲಿ. ಮಟ್ಟುಗುಳ್ಳ ಬದನೆ ತರುವುದಾದರೆ ದಪ್ಪ ಬಟ್ಟೆಯದ್ದೇ ಒಯ್ಯಿರಿ, ತೊಟ್ಟಿನ ಮುಳ್ಳು ತೆಳು ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ. ಬಂಗುಡೆ, ಬೂತಾಯಿಯಂಥ ಮೀನಿಗೆ ಮಾತ್ರ ಬಟ್ಟೆ ಚೀಲದ ಆಸೆ ಬಿಡಿ ಮಾರಾಯ್ರೆ. ಮುಚ್ಚಳ ಇರುವ ಸ್ಟೀಲ್ ಡಬ್ಬಿ ಕೊಂಡುಹೋಗಿ, ಡಬ್ಬಿಯನ್ನು ಬೇಕಾದರೆ ಚೀಲದಲ್ಲಿಡಿ.