ಹೀರೋನ ಬಿಡಿ, ಪಕ್ಕದ ಹಸಿರು ಕಾರು ನೋಡಿ

ಆ್ಯಕ್ಷನ್ ಸಿನಿಮಾಗಳಲ್ಲಿ ತಪ್ಪು ಹಿಡಿಯುವುದು ಕಲಿಯಬೇಕಾ? 1968ರ ‘ಬುಲಿಟ್’ ಹಾಕಿಕೊಂಡು ಕೂರಿ. ಸ್ಯಾನ್ ಫ್ರಾನ್ಸಿಸ್ಕೋದ ಏರಿಳಿತದ ರಸ್ತೆಗಳಲ್ಲಿ ಹೀರೋ ಸ್ಟೀವ್ ಮೆಕ್ವೀನ್ ಮಸ್ಟಾಂಗ್ ಕಾರು ಓಡಿಸುವ ಹತ್ತು ನಿಮಿಷದ ಚೇಸ್ ಇದೆಯಲ್ಲ, ಅಭ್ಯಾಸಕ್ಕೆ ಅದೇ ಸಾಕು.

ಮೊದಲ ಸಲ ಸುಮ್ನೆ ನೋಡಿ. ಎದೆ ಢವಢವ ಅನ್ನಲಿ. ಆಗಲೇ ತಪ್ಪು ಹುಡುಕಲು ಹೊರಟರೆ ಸಿನಿಮಾದ ಖುಷಿಯೂ ಹೋಗುತ್ತದೆ, ತಪ್ಪೂ ಸಿಗುವುದಿಲ್ಲ.

ಎರಡನೇ ಸಲ ಹೀರೋನ ಕಾರಿನಿಂದ ಕಣ್ಣು ಕೀಳಿ. ರಸ್ತೆಯ ಬೇರೆ ಗಾಡಿಗಳನ್ನು ನೋಡಿ. ಇಳಿಜಾರಿನಲ್ಲಿ ಒಂದು ಹಸಿರು ಫೋಕ್ಸ್‌ವ್ಯಾಗನ್ ಬೀಟಲ್ ತನ್ನ ಪಾಡಿಗೆ ತಾನು ಹೋಗುತ್ತಿರುತ್ತದೆ. ಹೀರೋನ ಕಾರು, ವಿಲನ್‌ಗಳ ಕಾರು ಎರಡೂ ಅದನ್ನು ದಾಟಿ ಹಾರುತ್ತವೆ. ನೋಡಿದರೆ ಅದೇ ಬೀಟಲ್ ಮತ್ತೆ ಮುಂದೆ! ಮತ್ತೆ ದಾಟುತ್ತಾರೆ, ಮತ್ತೆ ಅದು ಹಾಜರ್.

ಇನ್ನು ಎಣಿಸಿ. ವಿಲನ್‌ಗಳ ಕಪ್ಪು ಡಾಡ್ಜ್ ಚಾರ್ಜರ್‌ನಿಂದ ವೀಲ್ ಕಪ್ (ಚಕ್ರದ ಮುಚ್ಚಳ) ಕಿತ್ತು ಹಾರಿದಾಗೆಲ್ಲ ಒಂದು ಗೀಟು ಎಳೆಯಿರಿ. ಕಾರಿಗೆ ಚಕ್ರ ನಾಲ್ಕೇ ಅಲ್ವಾ? ನಿಮ್ಮ ಗೀಟು ನಾಲ್ಕನ್ನು ದಾಟಿರುತ್ತದೆ. ಬೇರೆ ಸಿನಿಮಾಗಳಲ್ಲಿ ಪಿಸ್ತೂಲಿನ ಗುಂಡು, ಒಡೆದ ಗಾಜು, ಅಂಗಿಯ ಮೇಲಿನ ರಕ್ತ ಎಣಿಸಬಹುದು. ಒಂದು ಸಲಕ್ಕೆ ಒಂದನ್ನೇ ಹಿಡಿದುಕೊಳ್ಳಿ.

ತಪ್ಪು ಸಿಕ್ಕಮೇಲೆ ಅಲ್ಲಿಗೇ ಬಿಡಬೇಡಿ. ಅದು ಯಾಕಾಯಿತು ಅಂತ ಯೋಚಿಸಿ. ನನಗೆ ಜಾಸ್ತಿ ಇಷ್ಟದ ಕೆಲಸ ಇದೇ. ಬೀಟಲ್ ಮರಳಿ ಬರಲು ಕಾರಣ, ಒಂದೇ ಓಟವನ್ನು ಹಲವು ಕ್ಯಾಮೆರಾಗಳಿಂದ ಹಿಡಿದು, ಬೇರೆ ಬೇರೆ ರಸ್ತೆ ಎಂಬಂತೆ ಜೋಡಿಸಿರುವುದು. ಇದೇ ಸಿನಿಮಾದ ಎಡಿಟಿಂಗ್‌ಗೆ ಫ್ರಾಂಕ್ ಕೆಲರ್‌ಗೆ ಆಸ್ಕರ್ ಬಂತು. ಬರಲೇಬೇಕಿತ್ತು. ಅಷ್ಟು ಸಲ ಬಂದುಹೋದ ಬೀಟಲ್ ಮೊದಲ ಸಲ ನಮ್ಮ ಕಣ್ಣಿಗೇ ಬೀಳದ ಹಾಗೆ ಓಡಿಸಿದ್ದಾರೆ.

ಶಾಟ್‌ಗಳನ್ನು ಹೊಲಿದ ಜಾಗವನ್ನೂ ನೋಡಿ. 1971ರ ‘ಡೈಮಂಡ್ಸ್ ಆರ್ ಫಾರೆವರ್’ನಲ್ಲಿ ಬಾಂಡ್‌ನ ಕೆಂಪು ಮಸ್ಟಾಂಗ್ ಓಣಿಯೊಳಗೆ ನುಗ್ಗುವುದು ಬಲಗಡೆಯ ಎರಡು ಚಕ್ರದ ಮೇಲೆ, ಆಚೆ ಬರುವುದು ಎಡಗಡೆಯ ಎರಡರ ಮೇಲೆ. ನಡುವೆ ಕಾರಿನೊಳಗೆ ಕೂತವರು ಈ ಕಡೆಯಿಂದ ಆ ಕಡೆಗೆ ವಾಲುವ ಚಿಕ್ಕ ಶಾಟ್ ಒಂದಿದೆ. ಅದೇ ತೇಪೆ. ಫೈಟಿನ ನಡುವೆ ಇದ್ದಕ್ಕಿದ್ದಂತೆ ಮುಖದ ಕ್ಲೋಸಪ್ ಬಂದರೆ ಅದರ ಹಿಂದುಮುಂದಿನ ಶಾಟ್ ಎರಡನ್ನೂ ಹೋಲಿಸಿ ನೋಡಿ.

ಕೊನೆಗೆ ಹಿಂದೆ ಕೂತ ಜನ. 1959ರ ‘ನಾರ್ತ್ ಬೈ ನಾರ್ತ್‌ವೆಸ್ಟ್’ನ ಮೌಂಟ್ ರಶ್‌ಮೋರ್ ಕೆಫೆಟೇರಿಯಾ ಸೀನಿಗೆ ಹೋಗಿ. ಸಿನಿಮಾ ಸೆಕೆಂಡಿಗೆ 24 ಫ್ರೇಮ್ ಓಡುತ್ತದೆ, ಬರಿಗಣ್ಣಿಗೆ ತಪ್ಪಿಹೋಗಬಹುದು. ಕಂಪ್ಯೂಟರ್‌ನ ವಿಎಲ್‌ಸಿ ಪ್ಲೇಯರ್‌ನಲ್ಲಿ ಇಂಗ್ಲಿಷ್‌ನ ‘ಇ’ (E) ಕೀಲಿ ಒತ್ತಿದರೆ ಒಂದೊಂದೇ ಫ್ರೇಮ್ ಮುಂದೆ ಹೋಗುತ್ತದೆ. ನಾಯಕಿ ಈವಾ ಮೇರಿ ಸೇಂಟ್ ಪಿಸ್ತೂಲು ಹಿಡಿದಿದ್ದಾಳೆ, ಇನ್ನೂ ಗುಂಡು ಹಾರಿಲ್ಲ. ಹಿಂದಿನ ಟೇಬಲ್‌ನಲ್ಲಿ ಕೂತ ಪುಟ್ಟ ಹುಡುಗ ಆಗಲೇ ಎರಡೂ ಕಿವಿಗೆ ಬೆರಳಿಟ್ಟುಕೊಂಡಿದ್ದಾನೆ. ತಾಲೀಮಿನಲ್ಲಿ ಆ ಸದ್ದಿಗೆ ಬೆಚ್ಚಿಬಿದ್ದಿದ್ದನೋ ಏನೋ, ಪಾಪ.