ವಿಹಾರದಲ್ಲಿ ಭೋಜನದಾನ ಕೊಡುವುದು ಹೇಗೆ?

ಶ್ರೀಲಂಕಾ, ಥಾಯ್ಲೆಂಡ್‌ಗಳಲ್ಲಿ ಪ್ರಚಲಿತವಾಗಿರುವ ಥೇರವಾದ ಪರಂಪರೆಯ ಬೌದ್ಧ ಭಿಕ್ಷುಗಳು ವಿನಯದ, ಅಂದರೆ ಭಿಕ್ಷುಗಳ ನಡತೆಯ ನಿಯಮಾವಳಿಯ, ಪ್ರಕಾರ ಬೇಸಾಯ ಮಾಡುವಂತಿಲ್ಲ, ತಮಗಾಗಿ ಅಡುಗೆ ಮಾಡಿಕೊಳ್ಳುವಂತಿಲ್ಲ, ಸ್ವೀಕರಿಸಿದ ಆಹಾರವನ್ನು ನಾಳೆಗೆಂದು ಎತ್ತಿಡುವಂತೆಯೂ ಇಲ್ಲ. ಧ್ಯಾನ ಮತ್ತು ಅಧ್ಯಯನದಲ್ಲಿ ತೊಡಗಿರುವ ಸಂಘವೊಂದು ಉಳಿಯುವುದು ಗೃಹಸ್ಥರು ಅಂದಂದು ಕೊಡುವ ಅನ್ನದಿಂದ. ಆಚಾರ್ಯ ಬುದ್ಧರಕ್ಖಿತರು 1956ರಲ್ಲಿ ಬೆಂಗಳೂರಿನ ಗಾಂಧಿನಗರದಲ್ಲಿ ಸ್ಥಾಪಿಸಿದ ಮಹಾಬೋಧಿ ಸೊಸೈಟಿಯು ಈ ಪರಂಪರೆಯನ್ನು ನಮ್ಮ ನಾಡಿಗೆ ಪರಿಚಿತಗೊಳಿಸಿತು. ಹುಟ್ಟುಹಬ್ಬಕ್ಕೋ ಹಿರಿಯರ ನೆನಪಿಗೋ ಯಾವುದಾದರೂ ವಿಹಾರದಲ್ಲಿ ಭೋಜನದಾನ ಮಾಡಬೇಕೆಂದುಕೊಂಡವರು ಮೊದಲಿಗೆ ಅರಿತಿರಬೇಕಾದದ್ದು ಇಷ್ಟು: ಇಲ್ಲಿ ಕೊಡುವವರ ಸಡಗರಕ್ಕಿಂತ ಪಡೆಯುವವರ ನಿಯಮವೇ ದೊಡ್ಡದು. ನಿಯಮಪಾಲನೆಯ ಬಿಗಿ ವಿಹಾರದಿಂದ ವಿಹಾರಕ್ಕೆ ಬದಲಾಗುವುದರಿಂದ, ಸಂದೇಹ ಬಂದಾಗ ಅಲ್ಲಿನವರನ್ನೇ ಕೇಳುವುದು ಲೇಸು.

ಆದ್ದರಿಂದ ಮೊದಲ ಕೆಲಸ ವಿಹಾರಕ್ಕೆ ಫೋನ್ ಮಾಡುವುದು. ಆ ದಿನ ಬೇರೆ ದಾನಿಗಳು ಒಪ್ಪಿಕೊಂಡಿದ್ದಾರೆಯೇ, ಭಿಕ್ಷುಗಳು ಎಷ್ಟು ಜನ, ಧ್ಯಾನಕ್ಕೆ ಬಂದ ಉಪಾಸಕರೂ ಊಟಕ್ಕಿರುತ್ತಾರೆಯೇ, ಸಕ್ಕರೆ ಕಾಯಿಲೆಯಂಥ ಕಾರಣಕ್ಕೆ ಪಥ್ಯದಲ್ಲಿರುವವರು ಇದ್ದಾರೆಯೇ ಎಂದು ವಿಚಾರಿಸಿ. ಬುದ್ಧ ಪೂರ್ಣಿಮೆಯಾದ ವೈಶಾಖ ಹುಣ್ಣಿಮೆಯಂದು ದಾನಿಗಳ ಸಾಲೇ ಇರುತ್ತದೆ. ಯಾರೂ ಬರೆಸಿರದ ಒಂದು ಸಾಧಾರಣ ಮಂಗಳವಾರವನ್ನು ಆರಿಸಿಕೊಂಡವರ ದಾನಕ್ಕೆ ನಾನಾದರೂ ಹೆಚ್ಚಿನ ಬೆಲೆ ಕೊಡುತ್ತೇನೆ.

ಅಡುಗೆಯಲ್ಲಿ ವಿಶೇಷವೇನೂ ಬೇಕಿಲ್ಲ. ಮನೆಯಲ್ಲಿ ಉಣ್ಣುವ ಅನ್ನ, ಹುಳಿ, ಪಲ್ಯ, ಮೊಸರು ಧಾರಾಳವಾಗಿ ಸಾಕು. ತಮಗಾಗಿಯೇ ಪ್ರಾಣಿಯನ್ನು ಕೊಂದದ್ದನ್ನು ಕಂಡಿದ್ದರೆ, ಕೇಳಿದ್ದರೆ ಅಥವಾ ಹಾಗೆಂದು ಶಂಕೆ ಬಂದರೆ ಆ ಮಾಂಸವನ್ನು ಭಿಕ್ಷುಗಳು ಸ್ವೀಕರಿಸುವುದಿಲ್ಲವಾದ್ದರಿಂದ ಸಸ್ಯಾಹಾರವೇ ನಿಶ್ಚಿಂತೆ. ಊಟದ ಕಾಲ ಮಾತ್ರ ಕಟ್ಟುನಿಟ್ಟು. ಅರುಣೋದಯದಿಂದ ನಡುಹಗಲಿನವರೆಗೆ ಮಾತ್ರ ಊಟ ಮಾಡಬಹುದು, ನಡುಹಗಲಾಗುವಷ್ಟರಲ್ಲಿ ಉಂಡು ಮುಗಿದಿರಬೇಕು. ಬೆಂಗಳೂರಿನ ಸಂಚಾರ ದಟ್ಟಣೆಯನ್ನು ಲೆಕ್ಕ ಹಿಡಿದು ಹತ್ತೂವರೆಗೆಲ್ಲ ವಿಹಾರದಲ್ಲಿರುವಂತೆ ಹೊರಡಿ, ಏಕೆಂದರೆ ಹನ್ನೆರಡೂಕಾಲಿಗೆ ತಲುಪಿದ ಹೋಳಿಗೆಯನ್ನು ಅಂದು ಯಾವ ಭಿಕ್ಷುವೂ ಮುಟ್ಟುವಂತಿಲ್ಲ.

ಹೊಸಬರು ಹೆಚ್ಚಾಗಿ ಎಡವುವುದು ಅರ್ಪಿಸುವ ಕ್ರಮದಲ್ಲಿ. ಪಾತ್ರೆಯನ್ನು ಮೇಜಿನ ಮೇಲಿಟ್ಟು ‘ತೆಗೆದುಕೊಳ್ಳಿ ಭಂತೇ’ (ಭಂತೇ ಎಂದರೆ ‘ಪೂಜ್ಯರೇ’) ಎಂದರೆ ವಿನಯದ ಪ್ರಕಾರ ಅದು ಕೊಟ್ಟಂತಾಗುವುದಿಲ್ಲ. ಶುದ್ಧ ನೀರೊಂದನ್ನು ಬಿಟ್ಟು, ಬಾಯಿಗೆ ಹೋಗುವ ಪ್ರತಿಯೊಂದನ್ನೂ ಕೈಯಾರೆ ನೀಡಬೇಕು. ಒಬ್ಬರು ಎತ್ತಬಲ್ಲಷ್ಟೇ ಭಾರದ ಪಾತ್ರೆಯನ್ನು ಹಿಡಿದು, ಭಿಕ್ಷುವಿನಿಂದ ಎರಡೂವರೆ ಮೊಳದೊಳಗೆ ಬಂದು, ತುಸು ಬಾಗಿ ಅವರ ಕಡೆಗೆ ಚಾಚಬೇಕು. ಅವರು ಕೈಯಿಂದಲೋ ಭಿಕ್ಷಾಪಾತ್ರೆಯಿಂದಲೋ ಅದನ್ನು ಸ್ವೀಕರಿಸುತ್ತಾರೆ. ಥಾಯ್ ಸಂಪ್ರದಾಯದಲ್ಲಿ ಮಹಿಳೆಯರು ನೀಡುವಾಗ ಭಿಕ್ಷು ತಮ್ಮ ಮುಂದೆ ವಸ್ತ್ರವೊಂದನ್ನು ಹಾಸಿ ಅದರ ಅಂಚು ಹಿಡಿದಿರುತ್ತಾರೆ, ಪಾತ್ರೆಯನ್ನು ಆ ವಸ್ತ್ರದ ಮೇಲಿಟ್ಟರಾಯಿತು. ಇದನ್ನು ಅವಮಾನವೆಂದು ಭಾವಿಸಬೇಕಿಲ್ಲ. ಮೊಳೆಯಬಲ್ಲ ಬೀಜವಿರುವ ಹಣ್ಣಿಗೆ ಇನ್ನೊಂದು ಹಂತವಿದೆ. ಭಿಕ್ಷು ‘ಕಪ್ಪಿಯಂ ಕರೋಹಿ’ (ಇದನ್ನು ಸ್ವೀಕಾರಯೋಗ್ಯವಾಗಿಸು) ಎಂದು ಕೇಳಿದಾಗ ದಾನಿಯು ಟೊಮೆಟೊಗೋ ದ್ರಾಕ್ಷಿಗೋ ಚಾಕುವಿನಿಂದ ಗೀರು ಹಾಕುತ್ತ ‘ಕಪ್ಪಿಯಂ ಭಂತೇ’ (ಯೋಗ್ಯವಾಗಿದೆ, ಪೂಜ್ಯರೇ) ಎನ್ನಬೇಕು. ಬೀಜ ತೆಗೆದು ಹೆಚ್ಚಿಕೊಂಡೇ ಹೋದರೆ ಈ ಗೊಡವೆಯಿಲ್ಲ.

ಊಟವಾದ ಮೇಲೆ ಭಿಕ್ಷುಗಳು ದಾನವನ್ನು ಮೆಚ್ಚಿ ಹರಸುವ ಅನುಮೋದನೆಯ ಗಾಥೆಗಳನ್ನು ಹೇಳುವಾಗ, ಅಗಲಿದವರಿಗೆ ಪುಣ್ಯ ಸಲ್ಲಲೆಂದು ಬಟ್ಟಲಿಗೆ ಧಾರೆಯಾಗಿ ನೀರೆರೆಯುವ ರೂಢಿಯಿದೆ. ಕೊಡುವ ಮೊದಲು, ಕೊಡುವಾಗ ಮತ್ತು ಕೊಟ್ಟ ಬಳಿಕ, ಈ ಮೂರೂ ಹೊತ್ತಿನಲ್ಲಿ ದಾನಿಯ ಮನಸ್ಸು ಪ್ರಸನ್ನವಾಗಿರಬೇಕೆಂದು ಬುದ್ಧನ ಉಪದೇಶಗಳ ಸಂಗ್ರಹವಾದ ಅಂಗುತ್ತರ ನಿಕಾಯದ ಸುತ್ತವೊಂದು (ಉಪದೇಶವೊಂದು) ಹೇಳುತ್ತದೆ. ಸಾಲ ಮಾಡಿ ಕೊಟ್ಟವರಿಗೆ ಮೂರನೆಯದು ಕಷ್ಟ. ತನಗೂ ಇತರರಿಗೂ ಘಾಸಿಯಾಗದಂತೆ ಕೊಡುವುದು ಸತ್ಪುರುಷರ ದಾನದ ಲಕ್ಷಣವೆಂಬ ಮಾತೂ ಅದೇ ನಿಕಾಯದಲ್ಲಿದೆ.

ಇನ್ನು ಹಣದ ವಿಷಯ. ವಿನಯವು ಭಿಕ್ಷು ಹಣ ಸ್ವೀಕರಿಸುವುದನ್ನು ನಿಷೇಧಿಸುತ್ತದೆ, ಆದಕಾರಣ ಲಕೋಟೆಯನ್ನು ಅವರ ಕೈಗಿಡಬೇಡಿ. ವಿಹಾರದ ಕಚೇರಿಗೆ ಕೊಟ್ಟು ರಸೀತಿ ಪಡೆಯಿರಿ. ತೆರಿಗೆ ವಿನಾಯಿತಿ ಬಯಸುವವರು ನೆನಪಿಡಿ, 2,000 ರೂಪಾಯಿಗಿಂತ ಹೆಚ್ಚಿನ ದೇಣಿಗೆಯನ್ನು ನಗದಾಗಿ ಕೊಟ್ಟರೆ ವಿನಾಯಿತಿ ಸಿಗದು. ಗಮನದಲ್ಲಿಡಬೇಕಾದ ಮತ್ತೊಂದು ಸಂಗತಿಯೆಂದರೆ, ನೆಂಟರಲ್ಲದವರ ಬಳಿ ತಾವಾಗಿ ಏನನ್ನಾದರೂ ಬೇಡುವುದಕ್ಕೆ ಭಿಕ್ಷುಗಳಿಗೆ ಬಹಳ ನಿರ್ಬಂಧವಿದೆ. ಹಲ್ಲುನೋವಿದ್ದರೂ ಸುಮ್ಮನಿದ್ದಾರು. ಹಾಗಾಗಿ ದಾನಿಯೇ ಮುಂದಾಗಿ ಆಹ್ವಾನ ಕೊಡಬೇಕು. ಇದಕ್ಕೆ ಪವಾರಣೆ ಎನ್ನುತ್ತಾರೆ. ‘ಏನು ಬೇಕಾದರೂ ಕೇಳಿ ಭಂತೇ’ ಎನ್ನುವುದು ಉಪಚಾರದ ಮಾತಾಗಿ ತೇಲಿಹೋಗುತ್ತದೆ. ‘ಈ ವರ್ಷದ ಕೊನೆಯವರೆಗೆ ಔಷಧಿ ಮತ್ತು ಪ್ರಯಾಣಕ್ಕೆ ಇಷ್ಟು ರೂಪಾಯಿಯವರೆಗೆ ತಿಳಿಸಬಹುದು’ ಎಂದು ಅವಧಿ, ಮಿತಿ ಎರಡನ್ನೂ ಸ್ಪಷ್ಟಪಡಿಸಿದರೆ ಅವರಿಗೆ ಕೇಳಲು ದಾರಿಯಾಗುತ್ತದೆ. ಚೀವರ (ಭಿಕ್ಷುಗಳು ಉಡುವ ವಸ್ತ್ರ), ಊದುಬತ್ತಿ, ಬುದ್ಧನ ವಿಗ್ರಹಗಳು ತಾವಾಗಿ ಬಂದು ಸೇರುತ್ತವೆ. ವಿದ್ಯುತ್ ಬಿಲ್ಲು, ಗ್ಯಾಸ್ ಸಿಲಿಂಡರು, ಶೌಚಾಲಯದ ರಿಪೇರಿಗಳಿಗೆ ದಾನಿಗಳು ಸಿಗುವುದು ಅಪರೂಪ.

ಎಲ್ಲ ಧ್ಯಾನಕೇಂದ್ರಗಳಲ್ಲೂ ಇದೇ ಕ್ರಮವೆಂದು ತಿಳಿಯಬಾರದು. ಎಸ್.ಎನ್. ಗೋಯೆಂಕಾ ಅವರ ಪರಂಪರೆಯ ವಿಪಶ್ಯನ ಕೇಂದ್ರಗಳಲ್ಲಿ, ಬೆಂಗಳೂರಿನ ಧಮ್ಮ ಪಫುಲ್ಲವೂ ಸೇರಿದಂತೆ, ಹತ್ತು ದಿನಗಳ ಶಿಬಿರಕ್ಕೆ ಶುಲ್ಕವಿಲ್ಲ. ಒಂದು ಶಿಬಿರವನ್ನಾದರೂ ಪೂರ್ಣಗೊಳಿಸಿದವರಿಂದ ಮಾತ್ರ ದಾನ ಸ್ವೀಕರಿಸುತ್ತಾರೆ. ಹೊರಗಿನವರು ಎಷ್ಟೇ ದೊಡ್ಡ ಮೊತ್ತ ತಂದರೂ ಮೊದಲು ಕುಳಿತು ಧ್ಯಾನ ಮಾಡಬೇಕು. ಶಿಬಿರ ಮುಗಿಸಿದವರು ಮುಂದಿನ ಶಿಬಿರಗಳಲ್ಲಿ ಅಡುಗೆಮನೆಯ ಸೇವೆಗೂ ನಿಲ್ಲಬಹುದು. ಬೈಲಕುಪ್ಪೆಯ ಟಿಬೆಟನ್ ವಿಹಾರಗಳ ಪದ್ಧತಿ ಬೇರೆಯೇ. ಅಲ್ಲಿ ಸಭೆ ಸೇರಿದ ಭಿಕ್ಷುಗಳಿಗೆ ಚಹಾ ಅರ್ಪಿಸುವ ವಾಡಿಕೆಯಿದ್ದು, ಅದನ್ನು ವಿಹಾರದ ಕಚೇರಿಯ ಮೂಲಕವೇ ಗೊತ್ತುಮಾಡಿಕೊಳ್ಳಬೇಕು.

ಚೀವರವನ್ನೇ ಕೊಡಬೇಕೆಂಬ ಆಸೆಯಿರುವವರಿಗೆ ಸರಿಯಾದ ಕಾಲ ‘ಕಠಿನ’ ಎಂಬ ಚೀವರದಾನದ ಆಚರಣೆ. ಭಿಕ್ಷುಗಳು ಒಂದೇ ಕಡೆ ನೆಲೆಸುವ ಮಳೆಗಾಲದ ಮೂರು ತಿಂಗಳ ವರ್ಷಾವಾಸ ಮುಗಿದ ಬಳಿಕದ ಒಂದು ತಿಂಗಳೊಳಗೆ ಇದು ನಡೆಯುತ್ತದೆ, ಒಂದು ವಿಹಾರದಲ್ಲಿ ವರ್ಷಕ್ಕೆ ಒಮ್ಮೆ ಮಾತ್ರ. ಮುಖ್ಯ ದಾನಿಯ ಸ್ಥಾನ ಬಹು ಮುಂಚೆಯೇ ಗೊತ್ತಾಗಿಬಿಡುವುದುಂಟು, ವರ್ಷಾವಾಸ ಆರಂಭವಾಗುವ ಆಷಾಢ ಹುಣ್ಣಿಮೆಯ ಹೊತ್ತಿಗೇ ಕೇಳಿಟ್ಟುಕೊಳ್ಳಿ.