ಇಳಕಲ್ ಸೀರೆ ಆನ್‌ಲೈನ್‌ನಲ್ಲಿ ಮಾರುತ್ತಾ ಕಲಿತದ್ದು

ಇಳಕಲ್‌ನಲ್ಲಿ ನಮ್ಮದು ನೇಕಾರರ ಮನೆ. ಮೊದಲೆಲ್ಲ ನೇಯ್ದ ಸೀರೆ ಪೂರ್ತಿ ವ್ಯಾಪಾರಿಗಳಿಗೇ ಹೋಗುತ್ತಿತ್ತು, ಅವರು ಹೇಳಿದ್ದೇ ರೇಟು. ಈಗ ಅರ್ಧಕ್ಕಿಂತ ಜಾಸ್ತಿ ಸೀರೆಗಳನ್ನು ಉಡುವವರಿಗೇ ನೇರವಾಗಿ ಮಾರುತ್ತೇನೆ. ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್ ಮತ್ತು ಕನ್ನಡದಲ್ಲಿ ಬರೆಯುವ ಒಂದು ಬ್ಲಾಗ್, ಇಷ್ಟೇ ನನ್ನ ಅಂಗಡಿ.

ಮಡಚಿಟ್ಟ ಸೀರೆಯ ಫೋಟೊ ಎಲ್ಲರೂ ಹಾಕುತ್ತಾರೆ. ಜನ ನಿಂತು ನೋಡಿದ್ದು ಅವ್ವ ಸೆರಗು ಕೂಡಿಸುವ ರೀಲ್. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು (ಮಗ್ಗಕ್ಕೆ ಉದ್ದಕ್ಕೆ ಹೂಡುವ ಎಳೆ) ಬೇರೆ, ಸೆರಗಿನ ಹಾಸು ಬೇರೆ. ನಾವು ನೇಯುವ ಸೀರೆಯಲ್ಲಿ ಒಡಲಿಗೆ ಹತ್ತಿ, ಸೆರಗಿಗೆ ಕೆಂಪು ರೇಷ್ಮೆ. ಎರಡರ ಎಳೆಗಳನ್ನೂ ಒಂದಕ್ಕೊಂದು ಕೊಂಡಿ ಹಾಕಿ ಕೂಡಿಸಬೇಕು. ಇದೇ ತೋಪು ತೆನಿ. ಹಾಗಾಗಿ ಪ್ರತಿ ಸೀರೆಗೂ ಅದರದೇ ಅಳತೆಯ ಹಾಸು ಬೇಕು. ಅವ್ವನ ಬೆರಳಿನ ಹತ್ತಿರ ಫೋನ್ ಹಿಡಿದು, ಹಾಡು ಗೀಡು ಹಾಕದೆ, ಮಗ್ಗದ ಸದ್ದನ್ನೇ ಬಿಟ್ಟೆ. ‘ಇಷ್ಟೊಂದು ಕೆಲಸ ಇರುತ್ತಾ ಅಕ್ಕಾ?’ ಎಂದು ಬಹಳ ಮಂದಿ ಕೇಳಿದರು. ಆ ರೀಲ್ ನೋಡಿ ಬಂದವರು ಚೌಕಾಸಿ ಮಾಡುವುದು ಕಡಿಮೆ.

ಆದರೆ ರೀಲ್‌ನ ಆಯುಷ್ಯ ಚಿಕ್ಕದು. ನಾಲ್ಕು ದಿನ ಓಡುತ್ತದೆ, ಆಮೇಲೆ ಯಾರಿಗೂ ಕಾಣುವುದಿಲ್ಲ. ಬ್ಲಾಗ್ ಹಾಗಲ್ಲ. ಗಿರಾಕಿಗಳು ವಾಟ್ಸ್‌ಆ್ಯಪ್‌ನಲ್ಲಿ ಕೇಳುವ ಪ್ರಶ್ನೆಗಳನ್ನೇ ತಲೆಬರಹ ಮಾಡಿ ಬರೆಯುತ್ತೇನೆ. ಕೈಮಗ್ಗದ್ದೋ ಪವರ್‌ಲೂಮಿನದ್ದೋ ತಿಳಿಯೋದು ಹೇಗೆ? ಮೊದಲ ಸಲ ತೊಳೆಯುವಾಗ ಬಣ್ಣ ಬಿಡುತ್ತಾ? ಗೋಮಿ ದಡಿಗೂ ಗಾಡಿ ದಡಿಗೂ ಏನು ವ್ಯತ್ಯಾಸ? ಅವರು ಕೇಳಿದ ಮಾತಿನಲ್ಲೇ ಬರೆದರೆ ಗೂಗಲ್‌ನಲ್ಲಿ ಅದೇ ಮಾತು ಹುಡುಕುವ ಇನ್ನೊಬ್ಬರಿಗೆ ಸಿಗುತ್ತದೆ. ಹಳೆಯ ಬರಹ ಓದಿ ಬಂದವರು ಅರ್ಧ ಮನಸ್ಸು ಮಾಡಿಕೊಂಡೇ ಬಂದಿರುತ್ತಾರೆ. ಸಮಯ ಕಡಿಮೆ ಇರುವವರಿಗೆ ನಾನು ಹೇಳುವುದು ಇಷ್ಟೇ: ರೀಲ್ ಒಂದು ಕಡಿಮೆಯಾದರೂ ಪರವಾಗಿಲ್ಲ, ಬರೆಯೋದು ಬಿಡಬೇಡಿ.

ಬೆಲೆಯನ್ನು ಪೋಸ್ಟ್‌ನಲ್ಲೇ ಹಾಕುತ್ತೇನೆ. ‘ರೇಟಿಗೆ ಮೆಸೇಜ್ ಮಾಡಿ’ ಅಂದರೆ ಸಂಕೋಚದವರು ಕೇಳದೇ ಹೋಗುತ್ತಾರೆ. ಫೋಟೊ ತೆಗೆಯುವುದು ಬೆಳಗಿನ ಹೊತ್ತು, ಪಡಸಾಲೆಯ ನೆರಳಿನಲ್ಲಿ. ಫಿಲ್ಟರ್ ಮುಟ್ಟುವುದಿಲ್ಲ. ಗಿರಿಕುಂಕುಮದ ಬಣ್ಣ ಫೋನಿನಲ್ಲಿ ಸ್ವಲ್ಪ ಆಚೀಚೆ ಕಂಡರೂ ‘ನಾನು ನೋಡಿದ್ದು ಇದಲ್ಲ’ ಎಂದು ಸೀರೆ ವಾಪಸ್ ಬರುತ್ತದೆ. ಅದಕ್ಕೇ ಕಳಿಸುವ ಮುಂಚೆ ಬಿಸಿಲಿನಲ್ಲೊಂದು, ಮನೆಯೊಳಗೊಂದು ಚಿಕ್ಕ ವಿಡಿಯೊ ಮಾಡಿ ತೋರಿಸುತ್ತೇನೆ. ಒಪ್ಪಿದ ಮೇಲೆಯೇ ದುಡ್ಡು ತೆಗೆದುಕೊಳ್ಳುವುದು.

ವಾಟ್ಸ್‌ಆ್ಯಪ್‌ನಲ್ಲಿ ಒಂದು ವಿಷಯ ತುಂಬ ಜನಕ್ಕೆ ಗೊತ್ತಿಲ್ಲ. ಬ್ರಾಡ್‌ಕಾಸ್ಟ್ ಲಿಸ್ಟ್‌ನಿಂದ (ಒಂದೇ ಮೆಸೇಜನ್ನು ಹಲವರಿಗೆ ಒಟ್ಟಿಗೆ ಕಳಿಸುವ ಪಟ್ಟಿ) ಕಳಿಸಿದ ಮೆಸೇಜು ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ಹಾಗಾಗಿ ಪಾರ್ಸಲ್ ಒಳಗೆ ಒಂದು ಚೀಟಿ ಇಡುತ್ತೇನೆ: ‘ನಮ್ಮ ನಂಬರ್ ಸೇವ್ ಮಾಡ್ಕೊಳ್ರಿ, ಹೊಸ ಸೀರೆ ಬಂದಾಗ ತಿಳಿಸ್ತೀವಿ.’ ದಿನಾ ಮೆಸೇಜ್ ಹಾಕಿ ಯಾರ ತಲೆಯನ್ನೂ ತಿನ್ನುವುದಿಲ್ಲ. ನಾಗರಪಂಚಮಿ, ದಸರಾ, ಮದುವೆ ಸೀಸನ್‌ನಲ್ಲಿ ಹೊಸ ಸೀರೆ ಮಗ್ಗದಿಂದ ಇಳಿದಾಗ ಮಾತ್ರ ಕಳಿಸುತ್ತೇನೆ. ಎರಡನೇ ಸಲ ಕೊಳ್ಳುವವರು ಹೆಚ್ಚಾಗಿ ಇಲ್ಲಿಂದಲೇ ಬರುತ್ತಾರೆ.

ದುಡ್ಡು ಕೊಟ್ಟು ಹಾಕುವ ಜಾಹೀರಾತು ನನಗಂತೂ ಅಷ್ಟೇನೂ ಗಿಟ್ಟಲಿಲ್ಲ. ಲೈಕ್ ಬಂತು, ಆರ್ಡರ್ ಬರಲಿಲ್ಲ.

ಈಗ ಕಸೂತಿ ಬಗ್ಗೆ ಬರೆಯುತ್ತಿದ್ದೇನೆ. ಗವಂತಿ, ಮುರ್ಗಿ, ನೇಗಿ, ಮೆಂತೆ, ನಾಲ್ಕೂ ಹೊಲಿಗೆಯ ಫೋಟೊ ತೀರಾ ಹತ್ತಿರದಿಂದ ತೆಗೆದಿಟ್ಟಿದ್ದೇನೆ, ಬಟ್ಟೆಯ ಹಿಂಬದಿಯದ್ದೂ ಸೇರಿಸಿ. ಕೈಕಸೂತಿಗೂ ಮಷಿನ್ ಕಸೂತಿಗೂ ಬೆಲೆಯಲ್ಲಿ ಯಾಕಿಷ್ಟು ಫರಕು ಎಂದು ಯಾರಾದರೂ ಕೇಳುತ್ತಲೇ ಇರುತ್ತಾರೆ. ಇನ್ನು ಮೇಲೆ ಅವರಿಗೆ ಆ ಲಿಂಕ್ ಕಳಿಸುತ್ತೇನೆ.